ಸಿಗುವ ತೀರ್ಪು, ನಿಲ್ಲುವ ತೀರ್ಪು: ಕಾನೂನು ಗ್ರಂಥಾಲಯದ ಸೇವೆ ಕುರಿತು ಒಂದು ಭಿನ್ನಮತ

ಕಾನೂನು ಕಾಲೇಜಿನ ಗ್ರಂಥಾಲಯ ಹೇಗಿರಬೇಕೆಂಬ ಚರ್ಚೆಯಲ್ಲಿ ತಕರಾರಿಲ್ಲದ ಸಂಗತಿಗಳನ್ನು ಮೊದಲು ಮುಗಿಸಿಬಿಡಬಹುದು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಯಾವ ಯಾವ ವರದಿ ಸಂಪುಟಗಳಿರಬೇಕು, ಎಷ್ಟು ವರ್ಷಗಳ ಹಳೆಯ ಸಂಚಿಕೆಗಳಿರಬೇಕು, ವರ್ಷಕ್ಕೆ ಕನಿಷ್ಠ ಎಷ್ಟು ಹಣ ಹಾಕಬೇಕು ಎಂದು ಗೊತ್ತುಮಾಡಿವೆ: ಹಿಂದಿನ ಹತ್ತು ವರ್ಷಗಳ ಸಂಪುಟಗಳು, ಒಂದೇ ಕೋರ್ಸ್ ಇದ್ದರೆ 50,000 ರೂಪಾಯಿ, ಎರಡು ಕೋರ್ಸ್‌ಗಳಿದ್ದರೆ ಒಂದು ಲಕ್ಷ. ಅದೇ ವರ್ಷ ಶುರುವಾದ ಇಂಡಿಯನ್ ಕಾನೂನ್ ಜಾಲತಾಣ ಮತ್ತು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ತೆರೆದ ಇ-ಎಸ್‌ಸಿಆರ್ ತೀರ್ಪಿನ ಪಠ್ಯವನ್ನು ಬಿಡಿಗಾಸಿಲ್ಲದೆ ಒದಗಿಸುತ್ತಿವೆ. ಪಠ್ಯ ಸುಲಭವಾಗಿ ಸಿಗುವ ಮೇಲೆ ಗ್ರಂಥಾಲಯದ ಕೆಲಸ ಬಹುಪಾಲು ಮುಗಿದಂತೆಯೇ ಎಂಬ ಅಭಿಪ್ರಾಯ ಈಗ ಗಟ್ಟಿಯಾಗುತ್ತಿದೆ. ನನ್ನ ಭಿನ್ನಮತ ಇರುವುದು ಇಲ್ಲಿ.

ಈ ಅಭಿಪ್ರಾಯಕ್ಕೆ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ನಿರೂಪಿಸಿದ ಐದು ಸೂತ್ರಗಳಲ್ಲೇ ಆಧಾರ ಹುಡುಕಬಹುದು. ನಾಲ್ಕನೆಯ ಸೂತ್ರಕ್ಕೆ ಓದುಗನ ಸಮಯ ಉಳಿಸುವುದು ಮುಖ್ಯ. ಐದನೆಯದು ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿಯೆಂದು ಕಾಣುತ್ತದೆ. ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರ ಮಾತಿಗೆ ಇಲ್ಲಿನ ಗ್ರಂಥಪಾಲಕರಲ್ಲಿ ವಿಶೇಷ ಮನ್ನಣೆಯಿರುವುದು ಸಹಜ. ಆದರೆ ಸಾಮಾನ್ಯ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ಹೆಚ್ಚೆಂದರೆ ಧೂಳು ಹಿಡಿದು ಕೂರುತ್ತದೆ; ಕಾನೂನು ಗ್ರಂಥಾಲಯದಲ್ಲಿ ಅದು ಓದುಗನ ದಾರಿ ತಪ್ಪಿಸುತ್ತದೆ. ಅಲ್ಲಿ ಬೆಳವಣಿಗೆಯೆಂದರೆ ಹೊಸದು ಸೇರುವುದಷ್ಟೇ ಆಗಿರದೆ, ಹಳೆಯದರಲ್ಲಿ ಏನು ಉಳಿಯಿತು, ಏನು ಬಿತ್ತು ಎಂಬ ಲೆಕ್ಕವೂ ಆಗಿರುತ್ತದೆ. ಹುಡುಕಾಟದಲ್ಲಿ ಉಳಿಸಿದ ಸಮಯವನ್ನು ಈ ಲೆಕ್ಕಕ್ಕೆ ಖರ್ಚುಮಾಡದಿದ್ದರೆ ಆ ಉಳಿತಾಯ ನಷ್ಟದ ಬಾಬ್ತೇ.

ಖರಕ್ ಸಿಂಗ್ ಪ್ರಕರಣವನ್ನು ನೋಡಿ. ಎಐಆರ್ 1963ರ ಸುಪ್ರೀಂ ಕೋರ್ಟ್ ಸಂಪುಟದ 1295ನೆಯ ಪುಟ ತೆರೆದ ವಿದ್ಯಾರ್ಥಿಗೆ ಆರು ನ್ಯಾಯಮೂರ್ತಿಗಳ ಪೀಠದ ತೀರ್ಪು ಸಿಗುತ್ತದೆ. ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಮನೆಗೆ ನುಗ್ಗಿ ವಿಚಾರಿಸಲು ಅವಕಾಶ ಕೊಟ್ಟಿದ್ದ ನಿಯಮವನ್ನು ಬಹುಮತ ಅಲ್ಲಿ ಹೊಡೆದುಹಾಕಿತು. ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎರಡನೆಯ ಮಾತನ್ನು ಮಾತ್ರ ತಳ್ಳಿಹಾಕಿತು. ಮೊದಲನೆಯದು ಇಂದಿಗೂ ನಿಂತಿದೆ. ಒಂದೇ ತೀರ್ಪಿನ ಅರ್ಧ ಬಿದ್ದು ಅರ್ಧ ಉಳಿದಿರುವುದನ್ನು 1963ರ ಆ ಪುಟ ಹೇಳಲಾರದು. ಅದನ್ನೇ ಸ್ಕ್ಯಾನ್ ಮಾಡಿ ಜಾಲಕ್ಕೆ ಹಾಕಿದರೆ ಪುಟಕ್ಕೆ ಹೊಸ ತಿಳಿವಳಿಕೆಯೇನೂ ಬರುವುದಿಲ್ಲ.

ಶಾಸನದ ಪಠ್ಯದಲ್ಲಿ ಇದರ ಪರಿಣಾಮ ಇನ್ನೂ ಕಟುವಾದದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಶ್ರೇಯಾ ಸಿಂಘಾಲ್ ತೀರ್ಪು 2015ರ ಮಾರ್ಚ್ 24ರಂದು ಅಸಿಂಧುಗೊಳಿಸಿತು. ಆ ಮೇಲೂ ವರ್ಷಗಟ್ಟಲೆ ಪೊಲೀಸರು ಅದೇ ಕಲಮಿನಡಿ ಪ್ರಕರಣ ದಾಖಲಿಸುತ್ತ ಹೋದರು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬೆರಗಾದಾಗ ಅಂದಿನ ಅಟಾರ್ನಿ ಜನರಲ್ ಕೆ. ಕೆ. ವೇಣುಗೋಪಾಲ್ ಕೊಟ್ಟ ವಿವರಣೆ ಗ್ರಂಥಪಾಲಕರೆಲ್ಲ ಗಮನಿಸಬೇಕಾದದ್ದು: ಅಚ್ಚಾದ ಕಾಯ್ದೆಯಲ್ಲಿ ಕಲಮು ಹಾಗೇ ಇದೆ, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಿದೆ. ಕಡೆಗೆ 2022ರ ಅಕ್ಟೋಬರ್‌ನಲ್ಲಿ ಆ ಕಲಮಿನಡಿ ಯಾರ ಮೇಲೂ ಮೊಕದ್ದಮೆ ಹೂಡಕೂಡದೆಂದು ಕೋರ್ಟ್ ಮತ್ತೆ ಆದೇಶಿಸಬೇಕಾಯಿತು. ಪೊಲೀಸರ ಉದಾಸೀನವೂ ಇದಕ್ಕೆ ಕಾರಣವಿದ್ದೀತು. ಎಲ್ಲ ಹೊಣೆಯನ್ನೂ ಅಚ್ಚಿನ ಮೇಲೆ ಹಾಕುವುದು ಅತಿಯಾದೀತು. ಆದರೆ ಪಠ್ಯ ಕೈಯಲ್ಲಿದ್ದವರಿಗೆ ಅದರ ಈಗಿನ ಸ್ಥಿತಿ ತಿಳಿದಿರುತ್ತದೆಂದು ಭಾವಿಸುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಆದ್ದರಿಂದ ನನ್ನ ವಾದವಿಷ್ಟು: ಕಾನೂನು ಗ್ರಂಥಾಲಯದ ಮುಖ್ಯ ಸೇವೆ ಇಂದು ತೀರ್ಪು ಒದಗಿಸುವುದಕ್ಕಿಂತ ಅದರ ಊರ್ಜಿತ ಸ್ಥಿತಿಯನ್ನು ಪರಿಶೀಲಿಸಲು ಕಲಿಸುವುದು. ಬಿಎ, ಎಲ್‌ಎಲ್‌ಬಿ ಹಂತದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಪೂರ್ವನಿರ್ಣಯಕ್ಕೆ ಕಟ್ಟುಬಿದ್ದ ವ್ಯವಸ್ಥೆಗಷ್ಟೇ ಈ ಮಾತು ಹೇಳುತ್ತಿದ್ದೇನೆ. ಕಾನೂನಿನ ಇತಿಹಾಸ ಬರೆಯುವವನ ಅಗತ್ಯ ಬೇರೆ. ಚಂದಾ ಕಟ್ಟಿದರೆ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥವು ಈ ಮಾಹಿತಿ ಕೊಡುತ್ತವಲ್ಲ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಕೊಡುತ್ತವೆ. ಆದರೆ ಚಂದಾ ಕಟ್ಟಲಾಗದ ಕಾಲೇಜಿನ ಮಾತು ಬೇರೆ. ಕಟ್ಟಿದಲ್ಲಿಯೂ ‘ರದ್ದಾಗಿದೆ’ ಎಂಬ ಗುರುತು ಎಷ್ಟರ ಮಟ್ಟಿಗೆ ರದ್ದು ಎಂಬುದನ್ನು ತೀರ್ಮಾನಿಸದು. ಖರಕ್ ಸಿಂಗ್ ವಿಷಯದಲ್ಲಿ ಅದನ್ನು ಪುಟ್ಟಸ್ವಾಮಿ ತೀರ್ಪನ್ನು ಓದಿಯೇ ತಿಳಿಯಬೇಕು. ಇದು ಅಧ್ಯಾಪಕರ ಕೆಲಸ ಎನ್ನುವವರೂ ಇದ್ದಾರೆ. ತೀರ್ಪಿನ ತಿರುಳು ಅಧ್ಯಾಪಕರದೇ. ಸೈಟೇಶನ್ ಹಿಡಿದು ಮುಂದಿನ ತೀರ್ಪುಗಳಿಗೆ ಹೋಗುವ ದಾರಿ ಗ್ರಂಥಪಾಲಕನದು. ಇನ್ನು ಬಿದ್ದ ಕಾನೂನಿನ ಪುಸ್ತಕಗಳನ್ನೆಲ್ಲ ತೆಗೆದುಹಾಕಿದರಾಯಿತು ಎಂಬ ಸಲಹೆಯಂತೂ ಅಪಾಯಕಾರಿ: 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದರೂ, ಅದಕ್ಕೂ ಹಿಂದೆ ನಡೆದ ಅಪರಾಧಗಳಿಗೆ 1860ರ ದಂಡ ಸಂಹಿತೆಯೇ ಅನ್ವಯ.

ಕನ್ನಡದಲ್ಲಿ ಓದುವ ವಿದ್ಯಾರ್ಥಿಯ ಪ್ರಶ್ನೆಯನ್ನು ಈ ಲೇಖನ ಮುಟ್ಟಿಲ್ಲ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡಕ್ಕೆ ಅನುವಾದಗೊಂಡಿವೆ. ಅನುವಾದವಾದ ತೀರ್ಪು ಮುಂದೆ ಬಿದ್ದರೆ ಆ ಸುದ್ದಿ ಕನ್ನಡ ಓದುಗನನ್ನು ಯಾವ ದಾರಿಯಿಂದ ತಲುಪಬೇಕು ಎಂಬುದು ಬೇರೆಯೇ ಅಧ್ಯಯನ ಬೇಡುವ ವಿಷಯ. ಅಲ್ಲಿಯವರೆಗೆ ಪರಿಷತ್ತು ಗ್ರಂಥಾಲಯದ ನಿಯಮವನ್ನು ತಿದ್ದುವಾಗ, ಸಂಪುಟ ಮತ್ತು ರೂಪಾಯಿಗಳ ಪಕ್ಕದಲ್ಲಿ ಪರಿಶೀಲನೆಯ ತರಬೇತಿಗೂ ಒಂದು ಸಾಲು ಸೇರಿಸಲಿ.