ಆರ್ಕೇಡ್ ಪೆಟ್ಟಿಗೆಯ ಗಾಳಿ ವ್ಯವಸ್ಥೆ

ಮನೆಯಲ್ಲೇ ಕಟ್ಟಿದ ವಿಡಿಯೋ ಗೇಮ್ ಪೆಟ್ಟಿಗೆಯೊಳಗೆ ಹುಟ್ಟುವ ಶಾಖವನ್ನು ಹೊರಹಾಕುವ ಏರ್ಪಾಡು. 1997ರಲ್ಲಿ ಮೇಮ್ ತಂತ್ರಾಂಶ ಬಂದ ಮೇಲೆ, ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಆಟಗಳು ಸಾಮಾನ್ಯ ಕಂಪ್ಯೂಟರಿಗೂ ದಕ್ಕಿದವು. ಹೀಗಾಗಿ ಇಂಥ ಪೆಟ್ಟಿಗೆ ಕಟ್ಟುವ ಹವ್ಯಾಸ ಬೆಳೆಯಿತು.

ಶಾಖದ ಮೂಲ: ಪರದೆ, ಕಂಪ್ಯೂಟರ್, ವಿದ್ಯುತ್ ಪೂರೈಕೆ ಘಟಕ ಮತ್ತು ಹೆಸರುಫಲಕದ ದೀಪ. ಪೆಟ್ಟಿಗೆಗೆ ಬಳಸುವ ಪ್ಲೈವುಡ್, ಎಂಡಿಎಫ್ ಹಲಗೆಗಳು ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ; ಅದು ಒಳಗೇ ಉಳಿಯುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಬಳಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಚಿಪ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ.

ಗಾಳಿಯ ಹಾದಿ: ಬಿಸಿ ಗಾಳಿ ಮೇಲೇರುವುದರಿಂದ ಒಳಬರುವ ಕಿಂಡಿ ತಳದಲ್ಲಿ, ಹೊರಹೋಗುವ ಕಿಂಡಿ ಹಿಂಬದಿಯ ಮೇಲ್ಭಾಗದಲ್ಲಿ ಇರಬೇಕು. ಕಡಿಮೆ ಶಾಖದ ಪೆಟ್ಟಿಗೆಗೆ ಇಷ್ಟೇ ಸಾಕಾಗಬಹುದು. ಇಲ್ಲವಾದರೆ ಮೇಲಿನ ಕಿಂಡಿಗೆ 120 ಮಿಲಿಮೀಟರ್ ಅಳತೆಯ, 12 ವೋಲ್ಟಿನ ಕಂಪ್ಯೂಟರ್ ಫ್ಯಾನನ್ನು ಗಾಳಿ ಹೊರಗೆ ತಳ್ಳುವಂತೆ ಕೂರಿಸುತ್ತಾರೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ಸಾಗಿಸುವುದರಿಂದ ಸದ್ದು ಕಡಿಮೆ. ಕೆಳಗಿನ ಕಿಂಡಿಗೆ ದೂಳು ತಡೆಯುವ ಜಾಲರಿ ಬೇಕು. ಹೊಗೆಯಾಡುವ ಊದುಬತ್ತಿಯನ್ನು ಈ ಕಿಂಡಿಯ ಬಳಿ ಹಿಡಿದಾಗ ಹೊಗೆಯ ಎಳೆ ಒಳಕ್ಕೆ ಬಾಗಿದರೆ ಗಾಳಿ ಸರಿಯಾಗಿ ಹರಿಯುತ್ತಿದೆ ಎಂದರ್ಥ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಹಿಂಬದಿಯ ಕಿಂಡಿ ಮುಚ್ಚಿ ಶ್ರಮವೆಲ್ಲ ವ್ಯರ್ಥ.

ಎಚ್ಚರಿಕೆ: ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತಿರುತ್ತದೆ. ಪ್ಲಗ್ ಕಿತ್ತ ಬಳಿಕವೂ ಅದು ಉಳಿದಿರಬಹುದಾದ್ದರಿಂದ ತಿಳಿಯದವರು ಒಳಗೆ ಕೈಹಾಕಬಾರದು.