ಟ್ಯಾಂಕಿನೊಳಗಣ ಕಲಾಯಿ

ಹಳೆಯ ಕಾರಿನ ಮಾತು ಬಂದರೆ ನಮ್ಮವರು ಅದರ ಬಣ್ಣವನ್ನು ಹೊಗಳುತ್ತಾರೆ, ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಹಿಂಬದಿಯಲ್ಲಿ ಕತ್ತಲಲ್ಲಿ ಕುಳಿತ ಪೆಟ್ರೋಲ್ ಟ್ಯಾಂಕನ್ನು ಕೇಳುವವರಿಲ್ಲ. ಕಾರು ನಡುರಸ್ತೆಯಲ್ಲಿ ಕೆಮ್ಮಿ ನಿಂತು, ಮೇಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಿ ಅಂಗೈಯಲ್ಲಿ ಚಿಟಿಕೆ ಕೆಂಪು ಪುಡಿ ತೋರಿಸಿದಾಗಲೇ ಅದರ ನೆನಪು. ಆ ಕೆಂಪು ಪುಡಿ ತುಕ್ಕು. ಅದನ್ನು ತಡೆಯಲು ಮನುಷ್ಯ ನಡೆಸಿದ ಪ್ರಯತ್ನಗಳಿಗೆ ಒಂದು ಚರಿತ್ರೆಯೇ ಇದೆ.

ಈ ಚರಿತ್ರೆ ಕನ್ನಡಿಗರಿಗೆ ಅಪರಿಚಿತವಲ್ಲ. ಬೀದಿಗೆ ಕಲಾಯಿಯವನು ಬಂದು ತಿದಿ ಒತ್ತುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆತ ತಾಮ್ರದ ಹಂಡೆಯನ್ನು ಮೊದಲು ಮರಳಿನಿಂದ ತಿಕ್ಕುತ್ತಿದ್ದ, ಬಳಿಕ ಕಾಯಿಸುತ್ತಿದ್ದ, ನವಸಾಗರದ ಪುಡಿ ಎರಚುತ್ತಿದ್ದ. ಬಿಳಿಯ ಹೊಗೆ ಏಳುತ್ತಿದ್ದಂತೆ ತವರವನ್ನು ಅರಿವೆಯಿಂದ ಒಳಮೈಗೆಲ್ಲ ಸವರುತ್ತಿದ್ದ. ತಿಕ್ಕದ ಪಾತ್ರೆಗೆ ಕಲಾಯಿ ಹಿಡಿಯದು. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಉಕ್ಕಿನ ತಗಡಿಗೆ ಇದೇ ಉಪಚಾರ ಮಾಡಿದರೆ ಡಬ್ಬದ ತಗಡಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ದಕ್ಷಿಣ ವೇಲ್ಸ್ ಈ ಉದ್ಯಮದ ತವರುಮನೆ (ಶ್ಲೇಷೆಗೆ ಕ್ಷಮೆಯಿರಲಿ). ಅಮೆರಿಕದಿಂದ ಮುಂಬಯಿಗೆ ಬಂದ ಸೀಮೆಎಣ್ಣೆ, ಮರದ ಪೆಟ್ಟಿಗೆಗೆ ಎರಡರಂತೆ ಇಂಥ ಡಬ್ಬಗಳಲ್ಲೇ ಬಂದದ್ದು. ಎಣ್ಣೆ ಮುಗಿದ ಮೇಲೆ ಅದೇ ಡಬ್ಬ ನಮ್ಮ ಮನೆಗಳಲ್ಲಿ ನೀರು ಹೊತ್ತಿತು, ಅಕ್ಕಿ ಕಾಯ್ದಿತು, ತುಳಸಿ ಬೆಳೆಸಿತು. ತವರ ದುಬಾರಿ, ಸೀಸ ಅಗ್ಗ. ಆದರೆ ಬರಿಯ ಸೀಸ ಕಬ್ಬಿಣಕ್ಕೆ ಅಂಟದು. ಸ್ವಲ್ಪ ತವರ ಬೆರೆಸಿದರೆ ಅಂಟುತ್ತದೆ. ಹೀಗೆ ಹುಟ್ಟಿದ ಮಂಕು ಬಣ್ಣದ ತಗಡಿಗೆ ಟರ್ನ್ ಪ್ಲೇಟ್ ಎಂದು ಹೆಸರು. ಫ್ರೆಂಚಿನಲ್ಲಿ ಆ ಪದಕ್ಕೆ ಮಂಕು ಎಂದೇ ಅರ್ಥ. ಮನೆಗಳ ಮಾಡಿಗೆ ಹೊದಿಸುತ್ತಿದ್ದ ಈ ತಗಡನ್ನೇ ಮೋಟಾರು ತಯಾರಕರು ಪೆಟ್ರೋಲ್ ಟ್ಯಾಂಕಿಗೆ ಆರಿಸಿಕೊಂಡರು. ಒತ್ತಿದರೆ ಬಾಗುತ್ತದೆ, ಬೆಸುಗೆಗೆ ಒಗ್ಗುತ್ತದೆ, ಪೆಟ್ರೋಲಿಗೆ ಅಂಜುವುದಿಲ್ಲ. ಸೀಸದ ವಿಷದ ಬಗ್ಗೆ ಜಗತ್ತು ಎಚ್ಚೆತ್ತುಕೊಳ್ಳುವವರೆಗೆ, ಇಪ್ಪತ್ತನೆಯ ಶತಮಾನದ ಬಹುಭಾಗ, ಕಾರುಗಳ ಟ್ಯಾಂಕಿಗೆ ಇದೇ ಸಾಮಾನ್ಯ ಲೋಹವಾಗಿತ್ತು.

ಈ ಕಲಾಯಿಗೆ ಒಂದು ದೊಡ್ಡ ದೋಷವಿದೆ. ಸತುವಿನ ಲೇಪವಾದರೆ ಗೀರು ಬಿದ್ದರೂ ತಾನೇ ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರ, ಸೀಸಗಳು ಹಾಗಲ್ಲ. ಲೇಪ ಅಖಂಡವಾಗಿರುವವರೆಗೆ ಕಾಪಾಡುತ್ತವೆ; ಸೂಜಿಮೊನೆಯಷ್ಟು ಬಿರುಕು ಬಿಟ್ಟು ಅಲ್ಲಿ ನೀರು ಸೇರಿತೋ, ತಾವು ಉಳಿದುಕೊಂಡು ಕಬ್ಬಿಣವನ್ನೇ ಬೇಗ ಕೊರೆಯಲು ಬಿಡುತ್ತವೆ. ನೀರೆಲ್ಲಿಂದ ಬಂತು ಎಂದು ಕೇಳಬಹುದು. ಟ್ಯಾಂಕು ಉಸಿರಾಡುತ್ತದೆ. ಹಗಲಿನ ಬಿಸಿಗೆ ಆವಿ ಹೊರಹೋಗುತ್ತದೆ, ರಾತ್ರಿಯ ತಂಪಿಗೆ ಹೊರಗಿನ ಗಾಳಿ ಒಳಬರುತ್ತದೆ. ಮುಂಬಯಿ, ಮಂಗಳೂರುಗಳ ಜುಲೈ ತಿಂಗಳ ಗಾಳಿಯೆಂದರೆ ಅರ್ಧ ನೀರೇ. ಅರೆತುಂಬಿದ ಟ್ಯಾಂಕಿನ ಬರಿಗೋಡೆಯ ಮೇಲೆ ಅದು ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಅಲ್ಲೇ ಬಿಡಾರ ಹೂಡುತ್ತದೆ. ತೂತು ಬೀಳುವುದು ಹೆಚ್ಚಾಗಿ ತಳದಲ್ಲಿ, ಹೊಲಿಗೆಯ ಅಂಚಿನಲ್ಲಿ, ಏಕೆಂಬುದು ಇದರಿಂದ ತಿಳಿಯುತ್ತದೆ.

ತೂತಿಗೆ ಗ್ಯಾರೇಜಿನ ತತ್ಕಾಲದ ಮದ್ದು ಸಾಬೂನು. ಬಟ್ಟೆ ಒಗೆಯುವ ಬಾರ್ ಸೋಪನ್ನು ಸೋರುವ ಕಡೆ ತಿಕ್ಕಿದರೆ ಪೆಟ್ರೋಲ್ ಅದನ್ನು ಕರಗಿಸಲಾರದು. ಕಾರು ಮನೆ ಸೇರುತ್ತದೆ. ಇನ್ನೊಂದು ಮದ್ದು ಅರಗು. ಮೋಟಾರಿನ ಮೊದಲ ದಶಕಗಳಲ್ಲಿ ಪೆಟ್ರೋಲ್ ಹರಿಯುವ ಜೋಡಣೆಗಳಿಗೂ, ಕಾರ್ಬ್ಯುರೇಟರಿನೊಳಗೆ ತೇಲುವ ಬೆಂಡಿನ ತುಂಡಿಗೂ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುತ್ತಿದ್ದರು. ಪಾಂಡವರ ಅರಗಿನ ಮನೆಯ ವಸ್ತು ಪೆಟ್ರೋಲಿಗೆ ಹೀಗೆ ಕಾವಲಾಯಿತು. ಸ್ಪಿರಿಟ್ಟಿನಲ್ಲಿ ಕರಗುವುದು ಎಂಬ ಮಾತಿಗೆ ಮತ್ತೆ ಬರುತ್ತೇನೆ.

ಇಡೀ ಟ್ಯಾಂಕಿಗೆ ಒಳಗಿನಿಂದ ಹೊಸ ಚರ್ಮ ಹೊದಿಸುವ ವಿದ್ಯೆಯ ಬೇರನ್ನು ವಿಮಾನಗಳಲ್ಲಿ ಕಾಣಬಹುದು. 1926ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜೋಸೆಫ್ ಪ್ಯಾಟ್ರಿಕ್ ಎಂಬ ವೈದ್ಯ-ರಸಾಯನಶಾಸ್ತ್ರಜ್ಞ ಚಳಿಗಾಲದಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವಕ್ಕಾಗಿ ಹುಡುಕುತ್ತಿದ್ದ. ದೊರೆತದ್ದು ಗಂಧಕದ ದುರ್ನಾತ ಬೀರುವ ಅಂಟು. ಪೆಟ್ರೋಲೂ ಅದನ್ನು ಕರಗಿಸಲಿಲ್ಲ. ಗಂಧಕ, ಅಂಟು ಎಂಬ ಗ್ರೀಕ್ ಪದಗಳನ್ನು ಜೋಡಿಸಿ ಥಯೋಕಾಲ್ ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಟ್ಯಾಂಕುಗಳನ್ನು ಸೋರದಂತೆ ಮುಚ್ಚಲು ಈ ನಾರುವ ವಸ್ತುವಿಗೆ ಬೇಡಿಕೆ ಬಂತು. ಯುದ್ಧವಿಮಾನಗಳಲ್ಲಿ ಇನ್ನೂ ಒಂದು ಜಾಣತನವಿತ್ತು: ಟ್ಯಾಂಕಿನ ಪದರಗಳ ನಡುವೆ ಹದ ಮಾಡದ ಹಸಿ ರಬ್ಬರು. ಗುಂಡು ತೂರಿದರೆ ಪೆಟ್ರೋಲ್ ತಗಲಿ ಆ ರಬ್ಬರು ಉಬ್ಬಿ ತೂತನ್ನು ತಾನೇ ಮುಚ್ಚುತ್ತಿತ್ತು.

ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಂಥ ಅಮೆರಿಕನ್ ವಿಮಾನಗಳ ದುರಸ್ತಿ ಕೇಂದ್ರವಾದದ್ದು ಆಗಲೇ. ಮೈಸೂರು ಸರಕಾರದ ಪಾಲುಗಾರಿಕೆಯಲ್ಲಿ 1940ರಲ್ಲಿ ಅದನ್ನು ಕಟ್ಟಿದ ವಾಲ್‌ಚಂದ್ ಹೀರಾಚಂದರೇ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಿಂದ ಬಂದ ಫಿಯೆಟ್ಟೇ ಮುಂದೆ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಯ ತಾರೀಖು 29 ಅಕ್ಟೋಬರ್ 2003. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದು ಬೀದಿ ಬಿಟ್ಟಿತು. ಖಾಸಗಿಯಾಗಿ ಉಳಿದವುಗಳ ಟ್ಯಾಂಕುಗಳಿಗೆ ಈಗ ಪ್ರಾಯ ಸಂದಿದೆ.

ಸೀಲ್ ಮಾಡುವ ಕ್ರಮ ಕಲಾಯಿಯವನದೇ. ಟ್ಯಾಂಕನ್ನು ಇಳಿಸಿ, ಪೆಟ್ರೋಲ್ ಅಳೆಯುವ ತೇಲುಕಡ್ಡಿಯನ್ನು ಕಳಚಿ, ಜಲ್ಲಿ ಅಥವಾ ಸರಪಳಿ ತುಂಬಿ ತಾಳ್ಮೆಯಿಂದ ಅಲುಗಿಸಬೇಕು. ಫಾಸ್ಫಾರಿಕ್ ಆಮ್ಲ ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಮತ್ತೆ ತೊಳೆದು, ಒಂದು ಹನಿಯೂ ಉಳಿಯದಂತೆ ಒಣಗಿಸಿ, ಬಳಿಕ ಎಪಾಕ್ಸಿಯಂಥ ಸೀಲರ್ ಸುರಿದು ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಹೊರಳಿಸಿ, ಹೆಚ್ಚಾದುದನ್ನು ಬಸಿಯಬೇಕು. ಕೊಳವೆಯ ಬಾಯಿ ಕಟ್ಟಿಕೊಳ್ಳದಂತೆ ಗಾಳಿ ಊದುತ್ತಿರಬೇಕು. ಅವಸರದವರು ತುಕ್ಕಿನ ಮೇಲೇ ಸುರಿಯುತ್ತಾರೆ. ಆಗ ಸೀಲರ್ ತುಕ್ಕಿಗೆ ಅಂಟುತ್ತದೆ, ತುಕ್ಕು ಯಾವುದಕ್ಕೂ ಅಂಟಿರುವುದಿಲ್ಲ. ವರ್ಷದೊಳಗೆ ಹಾವಿನ ಪೊರೆಯಂತೆ ಸುಲಿದು ಬಂದು ಕೊಳವೆಗೆ ಅಡ್ಡ ಕೂರುತ್ತದೆ. ಬೆಸುಗೆಯ ವಿಷಯದಲ್ಲಂತೂ ಹುಡುಗಾಟ ಬೇಡ. ತುಂಬಿದ ಟ್ಯಾಂಕಿಗಿಂತ ‘ಖಾಲಿ’ ಟ್ಯಾಂಕು ಅಪಾಯಕರ: ಉಳಿದ ಆವಿ ಗಾಳಿಯೊಡನೆ ಬೆರೆತು ಬಾಂಬಿನಂತೆ ಸಿಡಿಯಬಲ್ಲದು.

ಇನ್ನು ಸ್ಪಿರಿಟ್ಟಿನ ಮಾತು. ಪೆಟ್ರೋಲಿಗೆ ಮದ್ಯಸಾರ ಬೆರೆಸುವ ವಿಚಾರ ನಮ್ಮಲ್ಲಿ ಹೊಸದಲ್ಲ. 1948ರಲ್ಲೇ ಪವರ್ ಆಲ್ಕೊಹಾಲ್ ಕಾಯಿದೆ ಬಂದಿತ್ತು. 2003ರಿಂದ ಹಲವು ರಾಜ್ಯಗಳಲ್ಲಿ ಶೇಕಡ 5, 2022ರ ಹೊತ್ತಿಗೆ ದೇಶದಲ್ಲಿ ಶೇಕಡ 10. ಶೇಕಡ 20ರ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, 2025ರಲ್ಲಿ ಗುರಿ ಮುಟ್ಟಿದರು. ಕೊಲ್ಹಾಪುರದಿಂದ ಬೆಳಗಾವಿಯವರೆಗಿನ ಕಬ್ಬಿನ ರೈತನಿಗೆ ಇದರಿಂದ ಒಳಿತಾದರೆ ಸಂತೋಷವೇ. ಆದರೆ ಹಳೆಯ ಟ್ಯಾಂಕಿಗೆ ಇದು ಹೊಸ ವೈರಿ. ಮದ್ಯಸಾರ ಅರಗನ್ನು ಕರಗಿಸುತ್ತದೆ. ಹಳೆಯ ಬಗೆಯ ಎಷ್ಟೋ ಸೀಲರುಗಳನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ವರ್ಷಗಳಿಂದ ಗೋಡೆ ಹಿಡಿದು ಕುಳಿತ ಜಿಡ್ಡನ್ನು ಸಡಿಲಿಸಿ ಫಿಲ್ಟರಿಗೆ ಕಳಿಸುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಮಿತಿ ಮೀರಿದರೆ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ.

ನನ್ನನ್ನು ಕೇಳಿದರೆ, ತಗಡು ಜಾಳಾಗಿದ್ದರೆ ಸೀಲರಿನ ಗೋಜಿಗೆ ಹೋಗದೆ ಹೊಸ ಟ್ಯಾಂಕು ಕಟ್ಟಿಸುವುದೇ ವಾಸಿ. ತಗಡು ಗಟ್ಟಿಯಿದ್ದು ಬರಿಯ ಮೇಲ್ತುಕ್ಕಾಗಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದರೆ ಸಾಕಾಗುವುದೂ ಉಂಟು. ಸೀಲ್ ಮಾಡಲೇಬೇಕಾದರೆ ಶೇಕಡ 20ರ ಮದ್ಯಸಾರಕ್ಕೆ ತಡೆಯುವುದೆಂದು ಡಬ್ಬದ ಮೇಲೆ ಬರೆದಿದೆಯೇ ಎಂದು ಓದಿ ಕೊಳ್ಳಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕಿನ ಹೊರಮೈಯಲ್ಲಿ ಬಣ್ಣದಿಂದ ಸೀಲರಿನ ಹೆಸರನ್ನೂ ಇಸವಿಯನ್ನೂ ಬರೆಸಿಡಿ. ಒಳಗೆ ಯಾವ ಕಾಲದ ಯಾವ ಲೇಪವಿದೆ ಎಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ. ಮುಂದೊಂದು ದಿನ ಅದನ್ನು ಬಿಚ್ಚುವ ಮೇಸ್ತ್ರಿಗೆ ಆ ಎರಡು ಸಾಲು ಬೇಕಾಗುತ್ತವೆ.