ಕುತ್ತಿಗೆಯ ನೆಟಿಕೆ ಮತ್ತು ನರಮಂಡಲ: ಒಂದು ಚಾರಿತ್ರಿಕ ಅವಲೋಕನ

ಕ್ಷೌರ ಮುಗಿದು ಮಾಲೀಶೂ ಆದ ಮೇಲೆ ಗದ್ದಕ್ಕೊಂದು ಕೈ, ತಲೆಯ ಹಿಂಬದಿಗೊಂದು ಕೈ ಕೊಟ್ಟು, ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ಚಟ್ಟನೆ ತಿರುವಿ ನೆಟಿಕೆ ತೆಗೆಯುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಇದೆ. 2024ರಲ್ಲಿ ಬಳ್ಳಾರಿಯ 30 ವರ್ಷದ ಹೌಸ್‌ಕೀಪಿಂಗ್ ಕೆಲಸಗಾರರೊಬ್ಬರಿಗೆ ಹೀಗೆ ಕುತ್ತಿಗೆ ತಿರುವಿದ ಮೇಲೆ ವಿಪರೀತ ನೋವು ಶುರುವಾಯಿತು. ಕೆಲವೇ ಗಂಟೆಗಳಲ್ಲಿ ಮಾತು ನಿಂತಿತು, ಮೈಯ ಎಡಭಾಗ ಬಲ ಕಳೆದುಕೊಂಡಿತು. ಕ್ಯಾರೋಟಿಡ್ ಧಮನಿಯ ಗೋಡೆ ಸೀಳಿ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗಿದ್ದುದನ್ನು ಬೆಂಗಳೂರಿನ ವೈದ್ಯರು ಪತ್ತೆಹಚ್ಚಿ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟರು. ಪತ್ರಿಕೆಗಳು ಅಪಾಯವನ್ನು ಸರಿಯಾಗಿಯೇ ವರದಿ ಮಾಡಿದವು. ಆದರೆ ಅದೇ ನೆಟಿಕೆ ಎಷ್ಟೋ ಜನರಿಗೆ ಹಾಯೆನಿಸುವುದೇಕೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ನೆಟಿಕೆಯಿಂದ ಬದಲಾಗುವುದು ಮೂಳೆಯ ಜಾಗವಲ್ಲ, ಸ್ನಾಯು ಮತ್ತು ನರಗಳ ನಡುವಿನ ಸಂದೇಶ, ಅದೂ ಸ್ವಲ್ಪ ಹೊತ್ತು ಮಾತ್ರ ಎಂಬುದು ಈ ಲೇಖನದ ವಾದ.

ಕುತ್ತಿಗೆಗೆ ಕೈಯಿಂದ ಚಿಕಿತ್ಸೆ ಮಾಡುವುದು ನಮ್ಮಲ್ಲಿ ಹಳೆಯ ವಿದ್ಯೆ. ಕತ್ತು ತಿರುಚಿಕೊಂಡಿದ್ದರೆ ಅಥವಾ ಒಳಕ್ಕೆ ಕುಸಿದಿದ್ದರೆ ಹೆಡಕು ಮತ್ತು ದವಡೆಗಳನ್ನು ಹಿಡಿದು ಮೇಲಕ್ಕೆತ್ತಬೇಕು, ಕಟ್ಟು ಕಟ್ಟಿ ಏಳು ರಾತ್ರಿ ಅಂಗಾತ ಮಲಗಿಸಬೇಕು ಎನ್ನುತ್ತದೆ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ. ಇಲ್ಲಿ ಎಳೆತವಿದೆ, ವಿಶ್ರಾಂತಿಯಿದೆ. ಚಟ್ಟನೆ ತಿರುವುವ ಮಾತಿಲ್ಲ. ಅದೇ ಗ್ರಂಥದ ಶಾರೀರಸ್ಥಾನವು ತಲೆ ಮತ್ತು ಕತ್ತು ಕೂಡುವಲ್ಲಿ ಕೃಕಾಟಿಕವೆಂಬ ಎರಡು ಮರ್ಮಗಳನ್ನು ಗುರುತಿಸಿ, ಅಲ್ಲಿ ಪೆಟ್ಟಾದರೆ ತಲೆ ಅಲುಗಾಡತೊಡಗುತ್ತದೆ ಎಂದು ಎಚ್ಚರಿಸುತ್ತದೆ. ಆ ಜಾಗದ ಸೂಕ್ಷ್ಮತೆಯನ್ನು ಪ್ರಾಚೀನರು ಚೆನ್ನಾಗಿಯೇ ಬಲ್ಲವರಾಗಿದ್ದರು.

ಮೂಳೆ ಜಾಗ ತಪ್ಪಿ ನರವನ್ನು ಒತ್ತುತ್ತದೆ, ಅದನ್ನು ಕೂರಿಸಿದರೆ ರೋಗ ಹೋಗುತ್ತದೆ ಎಂಬ ವಿಚಾರಕ್ಕೆ ಬಲ ಬಂದದ್ದು ಅಮೆರಿಕದಲ್ಲಿ. 1895ರಲ್ಲಿ ಡ್ಯಾವೆನ್‌ಪೋರ್ಟ್ ಪಟ್ಟಣದ ಡಿ.ಡಿ. ಪಾಮರ್, ಹಾರ್ವಿ ಲಿಲಾರ್ಡ್ ಎಂಬವನ ಬೆನ್ನೆಲುಬಿನ ಮೂಳೆಯೊಂದನ್ನು ಒತ್ತಿ ಕಿವುಡು ವಾಸಿ ಮಾಡಿದೆನೆಂದು ಹೇಳಿಕೊಂಡು ಕೈರೋಪ್ರ್ಯಾಕ್ಟಿಕ್ ಪದ್ಧತಿಯನ್ನು ಆರಂಭಿಸಿದ. ‘ಟಕ್’ ಎಂಬ ಸದ್ದು ಮೂಳೆ ಕೂತದ್ದಕ್ಕೆ ಸಾಕ್ಷಿ ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಅದು ಸಾಕ್ಷಿಯಲ್ಲ. ಬೆರಳ ಗೆಣ್ಣುಗಳ ನೆಟಿಕೆಯನ್ನು ಅಭ್ಯಸಿಸಿದ ಅನ್ಸ್‌ವರ್ತ್ ಮತ್ತು ಸಂಗಡಿಗರು 1971ರಲ್ಲಿ, ಕೀಲಿನ ದ್ರವದಲ್ಲಿ ಹುಟ್ಟುವ ಅನಿಲದ ಗುಳ್ಳೆಯೇ ಸದ್ದಿಗೆ ಮೂಲವೆಂದರು. ಗುಳ್ಳೆ ಹುಟ್ಟುವಾಗ ಸದ್ದೋ ಒಡೆಯುವಾಗ ಸದ್ದೋ ಎಂಬ ಚರ್ಚೆ 2015ರ ಎಂಆರ್‌ಐ ಅಧ್ಯಯನದ ನಂತರವೂ ನಡೆದಿದೆ.

ನರಮಂಡಲದ ಕಡೆಗೆ ಬಂದರೆ ವಿಷಯ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಮಿದುಳಿಗೆ ತಿಳಿಸುವ ಸೂಕ್ಷ್ಮ ರಚನೆಗಳು ಸ್ನಾಯುವಿನೊಳಗೇ ಇರುತ್ತವೆ, ಅವೇ ಸ್ಪಿಂಡಲ್‌ಗಳು. ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳಲ್ಲಿ ಇವು ಕಿಕ್ಕಿರಿದಿವೆ. ಗರ್ಭಸ್ಥ ಶಿಶುಗಳ ಅಂಗಾಂಶವನ್ನು ಪರೀಕ್ಷಿಸಿದ ಕುಲಕರ್ಣಿ, ಚಾಂಡಿ ಮತ್ತು ಬಾಬು ಅವರ 2001ರ ಪ್ರಬಂಧ, ಅಂಥ ಒಂದು ಸ್ನಾಯುವಿನಲ್ಲಿ ಗ್ರಾಂಗೆ 242 ಸ್ಪಿಂಡಲ್‌ಗಳನ್ನು ಲೆಕ್ಕಹಾಕಿತು. ಕಣ್ಣು, ಕಿವಿಯೊಳಗಿನ ಸಮತೋಲನದ ಅಂಗ ಮತ್ತು ಕುತ್ತಿಗೆ ಒಟ್ಟಾಗಿಯೇ ತಲೆಯ ನಿಲುವನ್ನು ಕಾಯುವುದರಿಂದ ಈ ಸಾಂದ್ರತೆ ಸಹಜ. ಚಟ್ಟನೆ ತಿರುವಿದಾಗ ಅಲ್ಲಿಂದ ಸಂದೇಶಗಳ ಮಹಾಪೂರವೇ ಹೊರಡುತ್ತದೆ.

ಅದರ ಫಲವನ್ನು, ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಯಂತ್ರ ಹಿಡಿದು ತೋರಿಸಿತು. ಕೆನಡಾದ ವಾಲ್ಟರ್ ಹರ್ಜಾಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದಂತೆ, ಬೆನ್ನೆಲುಬಿನ ಕೀಲಿಗೆ ಒತ್ತುಕೊಟ್ಟ 50ರಿಂದ 200 ಮಿಲಿಸೆಕೆಂಡುಗಳಲ್ಲಿ ಬೆನ್ನು ಮತ್ತು ಕೈಕಾಲುಗಳ ಸ್ನಾಯುಗಳು ತಾವಾಗಿ ಸ್ಪಂದಿಸುತ್ತವೆ. 2009ರಲ್ಲಿ ಡನ್ನಿಂಗ್ ಮತ್ತು ರಶ್ಟನ್ ಕುತ್ತಿಗೆಯ ಐದು ಮತ್ತು ಆರನೆಯ ಮೂಳೆಗಳ ನಡುವೆ ಒತ್ತಿದಾಗ, ವಿಶ್ರಾಂತಿಯಲ್ಲಿದ್ದ ತೋಳಿನ ಬೈಸೆಪ್ಸ್ ಸ್ನಾಯುವಿನ ಚಟುವಟಿಕೆ ಎರಡೂ ಕಡೆ ಏರಿತು. ನೆಟಿಕೆ ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ ಎಂಬ ಸರಳ ವಿವರಣೆಗೆ ಇದು ಒಗ್ಗುವುದಿಲ್ಲ. ಇನ್ನು 2007ರಲ್ಲಿ ಹಾವಿಕ್-ಟೇಲರ್ ಮತ್ತು ಮರ್ಫಿ, ಕೈಯಿಂದ ಬರುವ ಸಂವೇದನೆಗೆ ಮಿದುಳು ತೋರುವ ವಿದ್ಯುತ್ ಪ್ರತಿಕ್ರಿಯೆಯ ಕೆಲವು ಅಲೆಗಳು ನೆಟಿಕೆಯ ನಂತರ ಸರಾಸರಿ 20 ನಿಮಿಷ ತಗ್ಗಿದ್ದನ್ನು ದಾಖಲಿಸಿದರು. ನನ್ನ ದೃಷ್ಟಿಯಲ್ಲಿ ಇಲ್ಲಿ ಮುಖ್ಯವಾದುದು ಆ ಅಲ್ಪಾವಧಿಯೇ: ಪರಿಣಾಮ ನಿಜ, ಆದರೆ ಅದನ್ನು ರೋಗ ವಾಸಿಯಾದದ್ದೆಂದು ಓದಲಾಗದು. ಮೇಲಾಗಿ ಈ ಪ್ರಯೋಗಗಳಲ್ಲಿ ಒತ್ತಿದ್ದು ತರಬೇತಾದ ಕೈ, ನಿರ್ದಿಷ್ಟ ಕೀಲಿಗೆ. ಇಡೀ ಕತ್ತನ್ನು ಎರಡೂ ಬದಿಗೆ ತಿರುಚುವ ಪದ್ಧತಿಗೆ ಈ ಫಲಿತಾಂಶಗಳನ್ನು ಎರವಲು ಪಡೆಯುವಂತಿಲ್ಲ.

ನೋವಿನ ಲೆಕ್ಕದಲ್ಲೂ ಚಟ್ಟನೆಯ ತಿರುವು ಅನಿವಾರ್ಯವಲ್ಲ. ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡಿದ 2010ರ ಕಾಕ್ರೇನ್ ಪರಾಮರ್ಶೆಯಲ್ಲಿ, ಕೀಲನ್ನು ನಿಧಾನವಾಗಿ ಆಡಿಸುವ ವಿಧಾನವೂ ಕುತ್ತಿಗೆ ನೋವಿಗೆ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟದ್ದು ಕಂಡುಬಂದಿತು.

ಧಮನಿಯ ಪ್ರಶ್ನೆ ಇನ್ನೂ ಜಟಿಲ. ಕತ್ತಿನ ತಿರುಗುವಿಕೆಯ ಸುಮಾರು ಅರ್ಧ ಭಾಗ ಮೊದಲೆರಡು ಮೂಳೆಗಳ ನಡುವೆಯೇ ಆಗುತ್ತದೆ. ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಧಮನಿ ಅಲ್ಲಿಯೇ ಬಳುಕಿ ಮೇಲೇರುತ್ತದೆ. ಆದರೂ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಈ ಧಮನಿಮಾರ್ಗಕ್ಕೆ ಸಂಬಂಧಿಸಿದ 818 ಪಾರ್ಶ್ವವಾಯು ಪ್ರಕರಣಗಳನ್ನು ನೋಡಿದ ಕ್ಯಾಸಿಡಿ ತಂಡ, ಕೈರೋಪ್ರ್ಯಾಕ್ಟರ್ ಬಳಿ ಹೋದವರಿಗಿಂತ ಸಾಮಾನ್ಯ ವೈದ್ಯರ ಬಳಿ ಹೋದವರಲ್ಲಿ ಅಪಾಯ ಕಡಿಮೆಯೇನೂ ಇಲ್ಲವೆಂದು 2008ರಲ್ಲಿ ಹೇಳಿತು. ಧಮನಿ ಆಗಲೇ ಸೀಳಿದ್ದರೆ ಆ ನೋವೇ ಜನರನ್ನು ಚಿಕಿತ್ಸೆಗೆ ಕರೆತಂದಿರಬಹುದು ಎಂಬುದು ಅವರ ವಿವರಣೆ. ಇದನ್ನು ನೆಟಿಕೆಗೆ ಕೊಟ್ಟ ಅಭಯವೆಂದು ತಿಳಿಯುವುದು ತಪ್ಪು. ಸೀಳು ಬಿಟ್ಟ ಧಮನಿಯ ಮೇಲೆ ತಿರುವು ಬಿದ್ದರೆ ಆಗುವ ಹಾನಿ ಇನ್ನೂ ಘೋರ. ಹಿಂದೆಂದೂ ಕಾಣದ ಕುತ್ತಿಗೆ ನೋವು ಹಠಾತ್ತನೆ ಬಂದರೆ, ಜೊತೆಗೆ ಒಂದೇ ಬದಿಯ ತಲೆನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡೆಯುವಾಗ ತೂರಾಡುವುದು ಇವುಗಳಲ್ಲಿ ಒಂದಿದ್ದರೂ ಕತ್ತಿಗೆ ಯಾರ ಕೈಯನ್ನೂ ತಾಗಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.